ಗಣಕಯಂತ್ರ ಬಂದಿದೆ, ಕಲಿಸುವ ಧೈರ್ಯ ಬಂದಿದೆಯೇ?

2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ಅಂಗಡಿ, ಮಂಡಿ, ಕಾರ್ಖಾನೆಗಳ ಲೆಕ್ಕಪತ್ರ ವಿಭಾಗಗಳಲ್ಲಿ ಉಂಟಾದ ಕಳವಳವನ್ನು ವರ್ತಕ ಬಾಂಧವರು ಮರೆತಿರಲಾರರು. ಮಾರಾಟ ತೆರಿಗೆ, ಅನಂತರ ಮೌಲ್ಯವರ್ಧಿತ ತೆರಿಗೆ ಎಂದು ಇಪ್ಪತ್ತು ಇಪ್ಪತ್ತೈದು ವರ್ಷ ಲೆಕ್ಕ ಬರೆದು ಪಳಗಿದ ಗುಮಾಸ್ತರೂ ಹೊಸ ಜಾಲತಾಣದ ಮುಂದೆ ಕುಳಿತು ನಮೂನೆ ಸಲ್ಲಿಸುವ ಗುಂಡಿಯನ್ನು ಒತ್ತಲು ಹಿಂಜರಿದರು. ಅವರಿಗೆ ಲೆಕ್ಕ ತಿಳಿದಿರಲಿಲ್ಲವೆಂದಲ್ಲ. ತಪ್ಪಾದರೆ ಹಿಂದಕ್ಕೆ ಬರುವ ದಾರಿ ಯಾವುದೆಂದು ತಿಳಿದಿರಲಿಲ್ಲ. ಬಲ್ಲವರೊಬ್ಬರು ಪಕ್ಕದಲ್ಲಿ ಕುಳಿತು ಎರಡು ಮೂರು ತಿಂಗಳ ನಮೂನೆಗಳನ್ನು ಜೊತೆಯಲ್ಲಿಯೇ ತುಂಬಿಸಿದ ಮೇಲೆ ಅದೇ ಗುಮಾಸ್ತರು ಇನ್ನೊಬ್ಬರಿಗೆ ಹೇಳಿಕೊಡುವಷ್ಟು ನುರಿತರು.

ಶಾಲೆಗಳಲ್ಲಿ ಗಣಕ ವಿಜ್ಞಾನವನ್ನು ಕಲಿಸಬೇಕಾಗಿರುವ ಶಿಕ್ಷಕರ ಸ್ಥಿತಿಯೂ ಇದೇ ಬಗೆಯದು. ವ್ಯತ್ಯಾಸ ಒಂದೇ. ಗುಮಾಸ್ತರ ತಡವರಿಕೆ ಒಳಕೋಣೆಯಲ್ಲಿ ನಡೆಯುತ್ತದೆ; ಶಿಕ್ಷಕರದು ನಲವತ್ತು ಮಕ್ಕಳ ಕಣ್ಣೆದುರಿಗೆ ನಡೆಯುತ್ತದೆ. ಶಾಲೆಗೆ ಗಣಕಯಂತ್ರ ಬೇಕೆಂಬ ಮನವಿ ಪತ್ರಗಳು ವಾಣಿಜ್ಯೋದ್ಯಮಿಗಳ ಮೇಜಿಗೆ ಬರುವುದು ಹೊಸದಲ್ಲ, ಅವುಗಳಿಗೆ ಉದಾರವಾಗಿ ಸ್ಪಂದಿಸುವುದೂ ಹೊಸದಲ್ಲ. ಆದರೆ ಕೊಟ್ಟ ಯಂತ್ರ ಪಾಠಕ್ಕೆ ಬರುವುದೋ, ಬೀಗ ಹಾಕಿದ ಕೋಣೆಯಲ್ಲಿ ಧೂಳು ತಿನ್ನುವುದೋ ಎಂಬುದು ಬಹುಪಾಲು ಆ ಶಾಲೆಯ ಒಬ್ಬಿಬ್ಬರು ಶಿಕ್ಷಕರ ಆತ್ಮವಿಶ್ವಾಸವನ್ನು ಅವಲಂಬಿಸಿದೆ. ದಾನಿಗಳ ಲೆಕ್ಕದಲ್ಲಿ ಮಾತ್ರ ಈ ಆತ್ಮವಿಶ್ವಾಸಕ್ಕೆ ಒಂದು ಬಾಬೂ ಇರುವುದಿಲ್ಲ.

ಆತ್ಮವಿಶ್ವಾಸವೆಂದರೆ ಸ್ವಭಾವವಲ್ಲ

ಆತ್ಮವಿಶ್ವಾಸವನ್ನು ಹುಟ್ಟುಗುಣವೆಂದು ತಿಳಿಯುವ ರೂಢಿಯಿದೆ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲಿ ಮಂಡಿಸಿದ ವಿಚಾರ ಇದಕ್ಕಿಂತ ಭಿನ್ನವಾದುದು. ಒಂದು ನಿರ್ದಿಷ್ಟ ಕೆಲಸವನ್ನು ತಾನು ಮಾಡಬಲ್ಲೆನೆಂಬ ನಂಬಿಕೆ ನಾಲ್ಕು ಮೂಲಗಳಿಂದ ಬೆಳೆಯುತ್ತದೆ ಎಂದು ಅವರು ವಿವರಿಸಿದರು. ಮೊದಲನೆಯದು ಸ್ವತಃ ಮಾಡಿ ಗೆದ್ದ ಅನುಭವ. ಎರಡನೆಯದು ತನ್ನಂತಹವರೇ ಮಾಡಿ ಗೆದ್ದುದನ್ನು ಕಣ್ಣಾರೆ ಕಂಡ ಅನುಭವ. ಮೂರನೆಯದು ನಂಬಿಕೆಗೆ ಅರ್ಹರಾದವರ ಪ್ರೋತ್ಸಾಹದ ಮಾತು. ನಾಲ್ಕನೆಯದು ಕೆಲಸದ ವೇಳೆಯಲ್ಲಿ ಆತಂಕ, ನಡುಕಗಳಿಲ್ಲದ ಸಮಾಧಾನದ ಸ್ಥಿತಿ. ಈ ನಾಲ್ಕರಲ್ಲಿ ಮೊದಲನೆಯದೇ ಪ್ರಬಲವೆಂಬುದು ಅವರ ಅಭಿಪ್ರಾಯ.

ಅಂದರೆ ಒಂದು ವಿಷಯದಲ್ಲಿ ಧೈರ್ಯಶಾಲಿಯಾದವರು ಇನ್ನೊಂದರಲ್ಲಿ ಅಳುಕುವುದು ಸಹಜ. ಹತ್ತನೆಯ ತರಗತಿಯ ಗಣಿತವನ್ನು ನಿರರ್ಗಳವಾಗಿ ಬೋಧಿಸುವ ಶಿಕ್ಷಕಿಯೊಬ್ಬರು ಗಣಕಯಂತ್ರದ ಕೋಣೆಗೆ ಮಕ್ಕಳನ್ನು ಕರೆದೊಯ್ಯಲು ಹಿಂಜರಿದರೆ ಅದನ್ನು ಸೋಮಾರಿತನವೆಂದು ತೀರ್ಮಾನಿಸುವುದು ನ್ಯಾಯವಲ್ಲ.

ಇದಕ್ಕೆ ಪೂರಕವಾದ ಇನ್ನೊಂದು ಮಾತನ್ನು ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ 1986ರಲ್ಲಿ ಹೇಳಿದರು. ವಿಷಯವನ್ನು ಬಲ್ಲುದು ಬೇರೆ, ಆ ವಿಷಯವನ್ನು ಮಗುವಿಗೆ ಅರ್ಥವಾಗುವಂತೆ ಹೇಳುವ ಬಗೆಯನ್ನು ಬಲ್ಲುದು ಬೇರೆ. ಒಳ್ಳೆಯ ಶಿಕ್ಷಕರಲ್ಲಿ ಇವೆರಡೂ ಬೆರೆತಿರುತ್ತವೆ ಎಂಬುದು ಅದರ ಸಾರ. ಗಣಕ ವಿಜ್ಞಾನಕ್ಕೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ಸಾಫ್ಟ್‌ವೇರ್ ಬಲ್ಲ ಯುವಕನನ್ನು ತಂದು ತರಗತಿಯಲ್ಲಿ ನಿಲ್ಲಿಸಿದ ಮಾತ್ರಕ್ಕೆ ಪಾಠ ನಡೆಯಲಾರದು. ಬೋಧನೆ ಬಲ್ಲ ಶಿಕ್ಷಕರ ಕೈಗೆ ಕೀಲಿಮಣೆ ಕೊಟ್ಟ ಮಾತ್ರಕ್ಕೂ ನಡೆಯಲಾರದು.

ಗಣಕ ವಿಜ್ಞಾನದಲ್ಲಿಯೇ ಈ ಅಳುಕು ಏಕೆ?

ಇದಕ್ಕೆ ಮುಖ್ಯವಾಗಿ ನಾಲ್ಕು ಕಾರಣಗಳನ್ನು ಗುರುತಿಸಬಹುದು.

ಒಂದು, ಇಂದು ಈ ವಿಷಯವನ್ನು ಕಲಿಸಬೇಕಾದವರಲ್ಲಿ ಅನೇಕರು ತಮ್ಮ ವಿದ್ಯಾರ್ಥಿ ದೆಸೆಯಲ್ಲಿ ಅದನ್ನು ಕಲಿತವರಲ್ಲ. ಇತಿಹಾಸವನ್ನಾಗಲಿ ಜೀವಶಾಸ್ತ್ರವನ್ನಾಗಲಿ ಕಲಿಸುವವರಿಗೆ ತಮ್ಮ ಗುರುಗಳು ಹೇಗೆ ಕಲಿಸಿದರೆಂಬ ನೆನಪೇ ಒಂದು ಮಾದರಿ. ಗಣಕ ವಿಜ್ಞಾನದ ಶಿಕ್ಷಕರಿಗೆ ಆ ನೆನಪಿಲ್ಲ.

ಎರಡು, ಮಕ್ಕಳಲ್ಲಿ ಕೆಲವರಾದರೂ ಮೊಬೈಲ್ ಮತ್ತು ಗಣಕಯಂತ್ರವನ್ನು ಶಿಕ್ಷಕರಿಗಿಂತ ಚುರುಕಾಗಿ ಬಳಸುತ್ತಾರೆ. ಬಳಸುವ ಚುರುಕು ಬೇರೆ, ಯಂತ್ರಕ್ಕೆ ಕೆಲಸ ಹೇಳುವ ವಿದ್ಯೆ ಬೇರೆ ಎಂಬುದು ಸ್ಪಷ್ಟವಾಗಿಲ್ಲದ ಶಿಕ್ಷಕರಿಗೆ ಇದೇ ಮುಜುಗರದ ಮೂಲವಾಗುತ್ತದೆ.

ಮೂರು, ಇಲ್ಲಿ ತಪ್ಪು ಅಡಗಿ ಕೂರುವುದಿಲ್ಲ. ಒಂದು ಚಿಹ್ನೆ ಬಿಟ್ಟುಹೋದರೂ ಪರದೆಯ ಮೇಲೆ ದೋಷದ ಸಂದೇಶ ಮೂಡುತ್ತದೆ. ಕರಿಹಲಗೆಯ ಮೇಲಿನ ತಪ್ಪನ್ನು ಅಳಿಸಿ ಮುಂದುವರಿಯಬಹುದು. ಇಲ್ಲಿ ತಪ್ಪು ಸಿಗುವವರೆಗೆ ಪಾಠವೇ ನಿಲ್ಲುತ್ತದೆ.

ನಾಲ್ಕು, ವಿಷಯವೇ ಬದಲಾಗುತ್ತಿರುತ್ತದೆ. ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯ 11 ಮತ್ತು 12ನೆಯ ತರಗತಿಗಳಲ್ಲಿ ಬಹುಕಾಲ ಬೋಧಿಸಲಾಗುತ್ತಿದ್ದ ಸಿ ಪ್ಲಸ್ ಪ್ಲಸ್ ಭಾಷೆಯ ಜಾಗಕ್ಕೆ ಕಳೆದ ದಶಕದ ಕೊನೆಯ ಹೊತ್ತಿಗೆ ಪೈಥಾನ್ ಬಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮಾಧ್ಯಮಿಕ ಹಂತದಿಂದಲೇ, ಅಂದರೆ 6ನೆಯ ತರಗತಿಯಿಂದ, ಮಕ್ಕಳಿಗೆ ಕೋಡಿಂಗ್ ಪರಿಚಯಿಸಬೇಕೆಂದು ಹೇಳಿತು. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯವು 2026-27ನೆಯ ಶೈಕ್ಷಣಿಕ ವರ್ಷದಿಂದ 3ನೆಯ ತರಗತಿಯಿಂದಲೇ ಕೃತಕ ಬುದ್ಧಿಮತ್ತೆಯ ಪರಿಚಯಕ್ಕೆ ತಯಾರಿ ನಡೆಸುತ್ತಿರುವುದಾಗಿ ಪ್ರಕಟಿಸಿತು. ಪ್ರತಿಯೊಂದು ಪ್ರಕಟಣೆಯೂ ಅಂತಿಮವಾಗಿ ಒಬ್ಬ ತರಗತಿ ಶಿಕ್ಷಕರ ಹೆಗಲ ಮೇಲೆ ಬಂದು ಕೂರುತ್ತದೆ.

ಇಂಗ್ಲೆಂಡಿನ ಅನುಭವ

ಈ ವಿಷಯದಲ್ಲಿ ಇಂಗ್ಲೆಂಡಿನ ಅನುಭವ ಬಹಳ ಬೋಧಪ್ರದವಾದುದು. 1981ರಲ್ಲಿ ಮಾರುಕಟ್ಟೆಗೆ ಬಂದ ಬಿಬಿಸಿ ಮೈಕ್ರೋ ಎಂಬ ಗಣಕಯಂತ್ರ ಅಲ್ಲಿನ ಶಾಲೆಗಳನ್ನು ತಲುಪಿ, ಒಂದು ಪೀಳಿಗೆಯ ಮಕ್ಕಳಿಗೆ ಪ್ರೋಗ್ರಾಮ್ ಬರೆಯುವುದನ್ನು ಪರಿಚಯಿಸಿತು. ಮುಂದಿನ ಎರಡು ದಶಕಗಳಲ್ಲಿ ಶಾಲಾ ವಿಷಯವು ನಿಧಾನವಾಗಿ ಪತ್ರ ಟೈಪು ಮಾಡುವುದು, ಕೋಷ್ಟಕ ತುಂಬುವುದು, ಸ್ಲೈಡು ತಯಾರಿಸುವುದು ಇವುಗಳಿಗೆ ಸೀಮಿತವಾಯಿತು. 2011ರ ಆಗಸ್ಟ್‌ನಲ್ಲಿ ಎಡಿನ್‌ಬರೋದಲ್ಲಿ ಉಪನ್ಯಾಸ ನೀಡಿದ ಗೂಗಲ್ ಸಂಸ್ಥೆಯ ಎರಿಕ್ ಶ್ಮಿಟ್, ಬ್ರಿಟನ್ನಿನ ಶಾಲೆಗಳಲ್ಲಿ ಗಣಕ ವಿಜ್ಞಾನ ಸಾಮಾನ್ಯ ವಿಷಯವಾಗಿಲ್ಲದಿರುವುದಕ್ಕೆ ಅಚ್ಚರಿ ವ್ಯಕ್ತಪಡಿಸಿದರು. 2012ರ ಜನವರಿಯಲ್ಲಿ ಅಂದಿನ ಶಿಕ್ಷಣ ಸಚಿವ ಮೈಕೆಲ್ ಗೋವ್ ಹಳೆಯ ಪಠ್ಯಕ್ರಮವನ್ನು ಕೈಬಿಡುವ ತೀರ್ಮಾನವನ್ನು ಪ್ರಕಟಿಸಿದರು. 2014ರ ಸೆಪ್ಟೆಂಬರ್‌ನಿಂದ ಐದು ವರ್ಷದ ಮಗುವಿನಿಂದಲೇ ಆರಂಭವಾಗುವ ಹೊಸ ಪಠ್ಯಕ್ರಮ ಜಾರಿಗೆ ಬಂದಿತು.

ಪಠ್ಯಕ್ರಮ ಎರಡೂವರೆ ವರ್ಷದಲ್ಲಿ ಬದಲಾಯಿತು. ಶಿಕ್ಷಕರು ಅಷ್ಟು ಬೇಗ ಬದಲಾಗಲು ಸಾಧ್ಯವಿರಲಿಲ್ಲ. ನಿನ್ನೆಯವರೆಗೆ ಸ್ಲೈಡು ತಯಾರಿಸಲು ಕಲಿಸುತ್ತಿದ್ದವರೇ ಇಂದು ಪ್ರೋಗ್ರಾಮ್, ಅಲ್ಗಾರಿದಮ್ ಬೋಧಿಸಬೇಕಾಯಿತು. ಮೂರು ವರ್ಷಗಳ ನಂತರ, 2017ರ ನವೆಂಬರ್‌ನಲ್ಲಿ, ಲಂಡನ್ನಿನ ರಾಯಲ್ ಸೊಸೈಟಿ ಪ್ರಕಟಿಸಿದ ವರದಿಯಲ್ಲಿ ಇದರ ಫಲ ಕಾಣಿಸಿತು. ಪ್ರೌಢಶಾಲಾ ಶಿಕ್ಷಕರ ಪೈಕಿ ಶೇ. 44ರಷ್ಟು ಮಂದಿಗೆ ಗಣಕ ವಿಜ್ಞಾನದ ಅಂಶ ಕಡಿಮೆಯಿರುವ ಆರಂಭಿಕ ಹಂತಗಳನ್ನು ಕಲಿಸುವುದರಲ್ಲಿ ಮಾತ್ರ ವಿಶ್ವಾಸವಿತ್ತು. ಹತ್ತನೆಯ ತರಗತಿಗೆ ಸಮಾನವಾದ ಪರೀಕ್ಷೆಗೆ ಈ ವಿಷಯವನ್ನು ಶೇ. 54ರಷ್ಟು ಶಾಲೆಗಳು ಕಲಿಸುತ್ತಲೇ ಇರಲಿಲ್ಲ. ಕಡ್ಡಾಯ ಮಾಡಿದ ಮಾತ್ರಕ್ಕೆ ವಿಷಯ ತರಗತಿಯನ್ನು ತಲುಪದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಅಲ್ಲಿನ ಸರ್ಕಾರ ಪಾಠ ಕಲಿಯಿತೆಂಬುದೂ ಗಮನಾರ್ಹ. ಸುಮಾರು 8,000 ಶಿಕ್ಷಕರನ್ನು ಸಜ್ಜುಗೊಳಿಸಲೆಂದು 8.4 ಕೋಟಿ ಪೌಂಡ್ ಮೊತ್ತವನ್ನು ಮೀಸಲಿಟ್ಟು, 2018ರ ನವೆಂಬರ್‌ನಲ್ಲಿ ಗಣಕ ಶಿಕ್ಷಣದ ರಾಷ್ಟ್ರೀಯ ಕೇಂದ್ರವನ್ನು ಆರಂಭಿಸಲಾಯಿತು. ಶಿಕ್ಷಕರು ತರಬೇತಿಗೆ ಹೋದಾಗ ಶಾಲೆಗೆ ತಗಲುವ ಖರ್ಚಿಗೂ ನೆರವು ನೀಡುವ ವ್ಯವಸ್ಥೆ ಅದರಲ್ಲಿತ್ತು. ಇದಕ್ಕೂ ಮೊದಲು, 2008ರಷ್ಟು ಹಿಂದೆಯೇ, ಶಿಕ್ಷಕರು ಮತ್ತು ಉದ್ಯಮದವರು ಸೇರಿ ಕಟ್ಟಿಕೊಂಡ ‘ಕಂಪ್ಯೂಟಿಂಗ್ ಅಟ್ ಸ್ಕೂಲ್’ ಎಂಬ ಬಳಗವು ಶಿಕ್ಷಕರು ಪರಸ್ಪರ ಭೇಟಿಯಾಗಿ ಪಾಠಗಳನ್ನು ಹಂಚಿಕೊಳ್ಳುವ ಸ್ಥಳೀಯ ಕೂಟಗಳನ್ನು ನಡೆಸಿಕೊಂಡು ಬಂದಿತ್ತು. ಬಂಡೂರಾ ಹೇಳಿದ ಎರಡನೆಯ ಮತ್ತು ಮೂರನೆಯ ಮೂಲಗಳೆಂದರೆ ಇವೇ.

ಭಾರತ, ಕೇರಳ ಮತ್ತು ಕರ್ನಾಟಕ

ಇಂಗ್ಲೆಂಡಿನ ಅದೇ ಬಿಬಿಸಿ ಮೈಕ್ರೋ ಭಾರತದ ಶಾಲೆಗಳಿಗೂ ಬಂದಿತ್ತೆಂಬುದು ಇಂದು ಹಲವರಿಗೆ ತಿಳಿದಿಲ್ಲ. 1984-85ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಹೆಸರಿನ ಪ್ರಾಯೋಗಿಕ ಯೋಜನೆಯನ್ನು 248 ಶಾಲೆಗಳಲ್ಲಿ ಆರಂಭಿಸಿತು. ಮುಂದೆ ಅದು 2,500ಕ್ಕೂ ಹೆಚ್ಚು ಶಾಲೆಗಳಿಗೆ ವಿಸ್ತರಿಸಿತು. 2004ರ ಡಿಸೆಂಬರ್‌ನಲ್ಲಿ ‘ಐಸಿಟಿ ಅಟ್ ಸ್ಕೂಲ್’ ಯೋಜನೆ ಬಂದಿತು. ಕರ್ನಾಟಕದಲ್ಲಿ 2001ರಲ್ಲಿ ಆರಂಭವಾದ ‘ಮಾಹಿತಿ ಸಿಂಧು’ ಯೋಜನೆಯಡಿ 1,000 ಸರ್ಕಾರಿ ಪ್ರೌಢಶಾಲೆಗಳಿಗೆ ಗಣಕ ಶಿಕ್ಷಣವನ್ನು ಒದಗಿಸಲು ಖಾಸಗಿ ಸಂಸ್ಥೆಗಳೊಡನೆ ಒಪ್ಪಂದ ಮಾಡಿಕೊಳ್ಳಲಾಯಿತು.

ಒಪ್ಪಂದದ ಈ ಮಾದರಿಯ ಗುಣದೋಷಗಳನ್ನು ವರ್ತಕರು ಸುಲಭವಾಗಿ ಗ್ರಹಿಸಬಲ್ಲರು. ಯಂತ್ರ, ನಿರ್ವಹಣೆ, ಬೋಧಕ ಎಲ್ಲವೂ ಹೊರಗಿನ ಸಂಸ್ಥೆಯವು. ಒಪ್ಪಂದವಿರುವವರೆಗೆ ಶಾಲೆಗೆ ಚಿಂತೆಯಿಲ್ಲ. ಆದರೆ ಬೋಧಕರು ಬಂದು ಪಾಠ ಮಾಡುತ್ತಿರುವಾಗ ಶಾಲೆಯ ಕಾಯಂ ಶಿಕ್ಷಕರು ಅತ್ತ ತಲೆಹಾಕಬೇಕಾದ ಅಗತ್ಯ ಬೀಳುವುದಿಲ್ಲ. ಅವಧಿ ಮುಗಿದು ಬೋಧಕರು ಹೊರಟಾಗ ವಿದ್ಯೆಯೂ ಅವರೊಡನೆ ಹೊರಡುತ್ತದೆ. ಉಳಿಯುವುದು ವಯಸ್ಸಾದ ಯಂತ್ರ ಮತ್ತು ಕೋಣೆಯ ಬೀಗದ ಕೈ. ಬಾಡಿಗೆಗೆ ತಂದ ಕೌಶಲ ಸಂಸ್ಥೆಯ ಆಸ್ತಿಯಾಗದೆಂಬುದು ಕಾರ್ಖಾನೆ ನಡೆಸುವವರಿಗೆ ಹೇಳಬೇಕಾದ ಮಾತಲ್ಲ.

ನೆರೆಯ ಕೇರಳ ಹಿಡಿದ ದಾರಿ ಬೇರೆ. ಅಲ್ಲಿ 2001ರಲ್ಲಿ ಆರಂಭವಾದ ‘ಐಟಿ ಅಟ್ ಸ್ಕೂಲ್’ ಯೋಜನೆ ಶಾಲೆಯಲ್ಲಿರುವ ಗಣಿತ, ವಿಜ್ಞಾನ, ಭಾಷಾ ಶಿಕ್ಷಕರನ್ನೇ ತರಬೇತುಗೊಳಿಸಿತು. ತರಬೇತುದಾರರನ್ನೂ ಶಿಕ್ಷಕರ ನಡುವಿನಿಂದಲೇ ಆರಿಸಲಾಯಿತು. ಲೈಸೆನ್ಸ್ ಶುಲ್ಕದ ಹಂಗಿಲ್ಲದ ಮುಕ್ತ ತಂತ್ರಾಂಶವನ್ನು ಬಳಸಿದ್ದರಿಂದ ಶಿಕ್ಷಕರು ಅದನ್ನು ಮನೆಗೂ ಕೊಂಡೊಯ್ದು ಅಭ್ಯಾಸ ಮಾಡಲು ಅಡ್ಡಿಯಿರಲಿಲ್ಲ. 2005ರ ವೇಳೆಗೆ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಮಾಹಿತಿ ತಂತ್ರಜ್ಞಾನ ಒಂದು ವಿಷಯವಾಯಿತು. 2017ರಲ್ಲಿ ಈ ಯೋಜನೆ ‘ಕೈಟ್’ ಎಂಬ ಸರ್ಕಾರಿ ಕಂಪನಿಯಾಗಿ ರೂಪುಗೊಂಡಿತು; 2018ರಲ್ಲಿ ಪ್ರೌಢಶಾಲಾ ಮಕ್ಕಳ ‘ಲಿಟಲ್ ಕೈಟ್ಸ್’ ಸಂಘಗಳು ಆರಂಭವಾದವು.

ಕರ್ನಾಟಕವೂ ಈಚಿನ ವರ್ಷಗಳಲ್ಲಿ ಈ ದಿಕ್ಕಿನಲ್ಲಿ ಹೆಜ್ಜೆ ಇಟ್ಟಿದೆ. 2011ರಿಂದ ರೂಪುಗೊಂಡ ವಿಷಯ ಶಿಕ್ಷಕರ ವೇದಿಕೆಗಳು, 2016-17ರಲ್ಲಿ ಆರಂಭವಾದ ತಂತ್ರಜ್ಞಾನ ಆಧಾರಿತ ಕಲಿಕಾ ಕಾರ್ಯಕ್ರಮ ಇವು ಕಾಯಂ ಶಿಕ್ಷಕರನ್ನೇ ಕೇಂದ್ರವಾಗಿಟ್ಟುಕೊಂಡವು. ಈ ಬೇರನ್ನು ಆಳಕ್ಕೆ ಇಳಿಸುವುದರಲ್ಲಿ ಸ್ಥಳೀಯ ಉದ್ಯಮಕ್ಕೂ ಪಾತ್ರವಿದೆ.

ಬಂಡವಾಳದ ಲೆಕ್ಕ ಮತ್ತು ನಿರ್ವಹಣೆಯ ಲೆಕ್ಕ

ಕೇಂದ್ರ ಸರ್ಕಾರದ ಯುಡೈಸ್ ಪ್ಲಸ್ ವರದಿಯ ಪ್ರಕಾರ 2023-24ರಲ್ಲಿ ದೇಶದ ಶೇ. 57.2ರಷ್ಟು ಶಾಲೆಗಳಲ್ಲಿ ಗಣಕಯಂತ್ರವಿತ್ತು. 2024-25ರಲ್ಲಿ ಇದು ಶೇ. 64.7ಕ್ಕೆ ಏರಿತು. ಅಂತರ್ಜಾಲ ಸಂಪರ್ಕವಿರುವ ಶಾಲೆಗಳು ಇದೇ ಅವಧಿಯಲ್ಲಿ ಶೇ. 53.9ರಿಂದ ಶೇ. 63.5ಕ್ಕೆ ಏರಿದವು. ಇದು ಸಂತೋಷದ ಸಂಗತಿ. ಆದರೆ ಯಂತ್ರವಿರುವ ಶಾಲೆಗಳನ್ನು ಎಣಿಸಬಹುದು, ಕಲಿಸುವ ಧೈರ್ಯವಿರುವ ಶಿಕ್ಷಕರನ್ನು ಹಾಗೆ ಎಣಿಸಲಾಗದು. ಎಣಿಕೆಗೆ ಸಿಗುವುದಕ್ಕೆ ಮಾತ್ರ ಹಣ ಹರಿಯುವುದು ಲೆಕ್ಕಪತ್ರದ ಹಳೆಯ ದೋಷ.

ಉದಾಹರಣೆಗೆ ಒಂದು ದಾನದ ಲೆಕ್ಕವನ್ನು ಪರಿಶೀಲಿಸಬಹುದು. ತಾಲೂಕು ಕೇಂದ್ರವೊಂದರ ಪ್ರೌಢಶಾಲೆಗೆ ತಲಾ ರೂ. 40,000 ಬೆಲೆಯ 10 ಗಣಕಯಂತ್ರಗಳನ್ನು ಕೊಟ್ಟರೆ ವೆಚ್ಚ ರೂ. 4,00,000. ಆದಾಯ ತೆರಿಗೆಯ ಲೆಕ್ಕದಲ್ಲಿ ಗಣಕಯಂತ್ರದ ಸವಕಳಿ ದರ ಹಿಂದೆ ಶೇ. 60 ಇದ್ದುದು ಅನಂತರ ಶೇ. 40 ಆಯಿತು. ಆ ದರದಲ್ಲಿ ಮೊದಲ ವರ್ಷದ ಕೊನೆಗೆ ಉಳಿಯುವ ಮೌಲ್ಯ ರೂ. 2,40,000, ಎರಡನೆಯ ವರ್ಷ ರೂ. 1,44,000; ಮೂರನೆಯ ವರ್ಷ ರೂ. 86,400. ಕಂಪನಿ ಕಾಯಿದೆಯ 2ನೆಯ ಅನುಸೂಚಿಯೂ ಇಂತಹ ಯಂತ್ರದ ಉಪಯುಕ್ತ ಆಯುಷ್ಯ ಮೂರು ವರ್ಷವೆಂದೇ ಹೇಳುತ್ತದೆ. ಶಿಕ್ಷಕರು ಧೈರ್ಯ ತಂದುಕೊಳ್ಳಲು ಮೂರು ವರ್ಷ ತೆಗೆದುಕೊಂಡರೆ, ಅವರು ಸಿದ್ಧರಾಗುವ ಹೊತ್ತಿಗೆ ಯಂತ್ರದ ಆಯುಷ್ಯ ಮುಗಿದಿರುತ್ತದೆ.

ಅದೇ ನಾಲ್ಕು ಲಕ್ಷವನ್ನು ಇನ್ನೊಂದು ಬಗೆಯಲ್ಲಿ ವಿನಿಯೋಗಿಸಬಹುದು. 8 ಯಂತ್ರಗಳಿಗೆ ರೂ. 3,20,000. ಉಳಿಯುವುದು ರೂ. 80,000. ಶಾಲೆಯ ಇಬ್ಬರು ಶಿಕ್ಷಕರು ಬಲ್ಲವರೊಬ್ಬರೊಡನೆ ತಿಂಗಳಿಗೆ ಒಮ್ಮೆ ಅರ್ಧ ದಿನ ಕುಳಿತು ಮುಂದಿನ ತಿಂಗಳ ಪಾಠಗಳನ್ನು ತಾವೇ ಮಾಡಿ ನೋಡುವ ವ್ಯವಸ್ಥೆಗೆ, ಮಾರ್ಗದರ್ಶಕರ ಗೌರವಧನ ರೂ. 2,500 ಮತ್ತು ಪ್ರಯಾಣ, ಊಟಕ್ಕೆ ರೂ. 1,500 ಎಂದರೆ ಒಂದು ಬೈಠಕ್ಕಿಗೆ ರೂ. 4,000. ವರ್ಷಕ್ಕೆ 10ರಂತೆ ಎರಡು ವರ್ಷಕ್ಕೆ 20 ಬೈಠಕ್‌ಗಳು ಈ ಮೊತ್ತದಲ್ಲಿ ನಡೆಯುತ್ತವೆ. ಎರಡು ಯಂತ್ರ ಕಡಿಮೆಯಾಗಿ, ಉಳಿದ ಎಂಟೂ ಬಳಕೆಗೆ ಬರುತ್ತವೆ. ಇಬ್ಬರು ಶಿಕ್ಷಕರು ಎಂದು ಹೇಳಲು ಕಾರಣವಿದೆ. ಒಬ್ಬರಿಗೆ ವರ್ಗಾವಣೆಯಾದರೆ ಇನ್ನೊಬ್ಬರು ಉಳಿಯುತ್ತಾರೆ. ಹೋದವರು ಇನ್ನೊಂದು ಶಾಲೆಗೆ ಆ ವಿದ್ಯೆಯನ್ನು ಕೊಂಡೊಯ್ಯುತ್ತಾರೆ.

ಧೈರ್ಯ ಬೆಳೆಯುವ ಬಗೆ

ಇಂತಹ ಬೈಠಕ್‌ಗಳಲ್ಲಿ ಏನು ಮಾಡಬೇಕು? ಮೊದಲ ದಿನವೇ ಖಾಲಿ ಪರದೆಯ ಮುಂದೆ ಕೂರಿಸಿ ಪ್ರೋಗ್ರಾಮ್ ಬರೆಯಿರಿ ಎಂದರೆ ಅಳುಕು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು. ಈಚಿನ ಎರಡು ದಶಕಗಳಲ್ಲಿ ರೂಢಿಗೆ ಬಂದಿರುವ ಕೆಲವು ಬೋಧನಾ ಕ್ರಮಗಳು ಇಲ್ಲಿ ನೆರವಿಗೆ ಬರುತ್ತವೆ.

ಯಂತ್ರವಿಲ್ಲದ ಪಾಠ: ನ್ಯೂಜಿಲೆಂಡಿನ ಟಿಮ್ ಬೆಲ್ ಮತ್ತು ಅವರ ಸಂಗಡಿಗರು ಗಣಕಯಂತ್ರವನ್ನೇ ಬಳಸದೆ ಗಣಕ ವಿಜ್ಞಾನದ ಮೂಲ ತತ್ವಗಳನ್ನು ಕಲಿಸುವ ಚಟುವಟಿಕೆಗಳನ್ನು ರೂಪಿಸಿದರು. ಇದರ ಒಂದು ಮಾದರಿ ಕಿರಾಣಿ ಅಂಗಡಿಯಲ್ಲಿಯೇ ದೊರೆಯುತ್ತದೆ. 1, 2, 4, 8, 16 ಕಿಲೋಗಳ ಐದೇ ತೂಕದ ಬಟ್ಟುಗಳಿದ್ದರೆ ತಕ್ಕಡಿಯ ಒಂದು ತಟ್ಟೆಯಲ್ಲಿ 1ರಿಂದ 31 ಕಿಲೋವರೆಗಿನ ಯಾವ ಪೂರ್ಣ ತೂಕವನ್ನಾದರೂ ಹೊಂದಿಸಬಹುದು. ಹತ್ತೊಂಬತ್ತು ಕಿಲೋಗೆ 16, 2, 1 ಇಟ್ಟರಾಯಿತು. ಪ್ರತಿ ಬಟ್ಟು ತಟ್ಟೆಯಲ್ಲಿ ಇದೆ ಅಥವಾ ಇಲ್ಲ. ಗಣಕಯಂತ್ರವು ಸಂಖ್ಯೆಗಳನ್ನು ಇಟ್ಟುಕೊಳ್ಳುವ ದ್ವಿಮಾನ ಪದ್ಧತಿಯೂ ಇದೇ. ವಿದ್ಯುತ್ ಇಲ್ಲದ ದಿನವೂ ನಡೆಯುವ ಈ ಪಾಠವನ್ನು ಗಣಿತ ಶಿಕ್ಷಕರು ಮೊದಲ ದಿನವೇ ನಿರ್ಭಯವಾಗಿ ಮಾಡಬಲ್ಲರು. ಮಾಡಿ ಗೆದ್ದ ಮೊದಲ ಅನುಭವ ಹೀಗೆ ದೊರೆಯುತ್ತದೆ.

ಬರೆಯುವ ಮೊದಲು ಓದುವುದು: ಇಂಗ್ಲೆಂಡಿನ ಸೂ ಸೆಂಟೆನ್ಸ್ ಅವರು ರೂಪಿಸಿದ ಕ್ರಮದಲ್ಲಿ ಐದು ಹಂತಗಳಿವೆ. ಸಿದ್ಧ ಪ್ರೋಗ್ರಾಮ್ ಒಂದನ್ನು ನೋಡಿ ಅದರ ಫಲವನ್ನು ಊಹಿಸುವುದು, ನಡೆಸಿ ನೋಡುವುದು, ಪ್ರತಿ ಸಾಲನ್ನು ಪರಿಶೀಲಿಸುವುದು, ಸ್ವಲ್ಪ ಬದಲಾಯಿಸುವುದು, ಕೊನೆಯಲ್ಲಿ ಸ್ವಂತವಾಗಿ ಬರೆಯುವುದು. ವಾಣಿಜ್ಯದ ಒಂದು ಚಿಕ್ಕ ಉದಾಹರಣೆ ಇದಕ್ಕೆ ಸಾಕು. ಸರಕಿನ ಬೆಲೆ 1,000, ತೆರಿಗೆ ದರ 18, ತೆರಿಗೆ ಎಂದರೆ ಬೆಲೆ ಗುಣಿಸು ದರ, ಒಟ್ಟು ಎಂದರೆ ಬೆಲೆ ಕೂಡಿಸು ತೆರಿಗೆ ಎಂದು ನಾಲ್ಕು ಸಾಲಿನಲ್ಲಿ ಬರೆದಿದ್ದರೆ ಯಂತ್ರ ಕೊಡುವ ಉತ್ತರ 19,000. ಯಂತ್ರ ಯಾವ ದೋಷವನ್ನೂ ತೋರಿಸುವುದಿಲ್ಲ. ನೂರರಿಂದ ಭಾಗಿಸುವುದನ್ನು ಬರೆದವರು ಮರೆತಿದ್ದಾರೆ. ಸರಿಪಡಿಸಿದರೆ 1,180 ಬರುತ್ತದೆ. ಹೇಳಿದ್ದನ್ನು ಹೇಳಿದಂತೆಯೇ ಮಾಡುವ ಯಂತ್ರಕ್ಕೆ ಸರಿ ತಪ್ಪಿನ ವಿವೇಕವಿಲ್ಲವೆಂಬ ತಿಳಿವು ಶಿಕ್ಷಕರಿಗೂ ಮಕ್ಕಳಿಗೂ ಏಕಕಾಲದಲ್ಲಿ ಮೂಡುವ ಕ್ಷಣವಿದು.

ಕಲಸಿದ ಸಾಲುಗಳ ಜೋಡಣೆ: ಸರಿಯಾದ ಪ್ರೋಗ್ರಾಮಿನ ಸಾಲುಗಳನ್ನು ಚೀಟಿಗಳಲ್ಲಿ ಬರೆದು ಹಿಂದುಮುಂದಾಗಿಸಿ, ಮಕ್ಕಳಿಂದ ಕ್ರಮವಾಗಿ ಜೋಡಿಸುವುದು. 2006ರಲ್ಲಿ ಪ್ರಕಟವಾದ ಈ ಕ್ರಮದಲ್ಲಿ ಚಿಹ್ನೆ ಬಿಟ್ಟುಹೋಗುವ, ಕಾಗುಣಿತ ತಪ್ಪುವ ಕಿರಿಕಿರಿಯಿಲ್ಲ. ಯೋಚನೆಯ ಕ್ರಮವಷ್ಟೇ ಪರೀಕ್ಷೆಗೆ ಒಳಗಾಗುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದುದು ಒಂದು ಅಭ್ಯಾಸ. ‘ಇದು ತನಗೆ ತಿಳಿದಿಲ್ಲ, ಎಲ್ಲರೂ ಸೇರಿ ಹುಡುಕೋಣ’ ಎಂದು ಮಕ್ಕಳೆದುರು ಹೇಳಲು ಶಿಕ್ಷಕರಿಗೆ ಸಾಧ್ಯವಾಗಬೇಕು. ಮುಖ್ಯೋಪಾಧ್ಯಾಯರು ಮತ್ತು ತಪಾಸಣೆಗೆ ಬರುವ ಅಧಿಕಾರಿಗಳು ಇದನ್ನು ಅಜ್ಞಾನವೆಂದು ಎಣಿಸದಿದ್ದರೆ ಅರ್ಧ ಆತಂಕ ಅಲ್ಲಿಗೇ ಇಳಿಯುತ್ತದೆ.

ಉದ್ಯಮಕ್ಕೆ ಇದರಿಂದ ಏನು?

ಸಣ್ಣ ಕೈಗಾರಿಕೆ ಮತ್ತು ವ್ಯಾಪಾರ ಸಂಸ್ಥೆಗಳಿಗೆ ನೌಕರರು ಬರುವುದು ದೂರದ ನಗರಗಳಿಂದಲ್ಲ, ಹತ್ತಿರದ ಇವೇ ಶಾಲೆಗಳಿಂದ. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು ರೂ. 5 ಕೋಟಿ ಮೀರಿದ ಸಂಸ್ಥೆಗಳಿಗೂ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ದಾಸ್ತಾನು, ಬಿಲ್ಲು, ಯಂತ್ರಗಳ ನಿಯಂತ್ರಣ ಎಲ್ಲವೂ ಗಣಕಯಂತ್ರದ ಮೂಲಕ ನಡೆಯುವ ಕಾಲದಲ್ಲಿ, ಗುಂಡಿ ಒತ್ತಲು ಮಾತ್ರ ಬಲ್ಲವನು ತಂತ್ರಾಂಶ ಬದಲಾದ ದಿನ ನಿಷ್ಪ್ರಯೋಜಕನಾಗುತ್ತಾನೆ. ಉತ್ತರ 19,000 ಬಂದಾಗ ಎಲ್ಲೋ ತಪ್ಪಿದೆಯೆಂದು ಅನುಮಾನಿಸಬಲ್ಲವನು ಸಂಸ್ಥೆಯ ಹಣವನ್ನು ಉಳಿಸುತ್ತಾನೆ. ಆ ಅನುಮಾನವನ್ನು ಕಲಿಸಬೇಕಾದವರು ಶಾಲೆಯ ಶಿಕ್ಷಕರು. ಖಾಸಗಿ ತರಬೇತಿಗೆ ಹಣ ತೆರಲಾಗದ ಮನೆಯ ಮಕ್ಕಳಿಗೆ, ಅದರಲ್ಲಿಯೂ ಹೆಣ್ಣುಮಕ್ಕಳಿಗೆ, ಶಾಲೆಯ ಕೋಣೆಯ ಬೀಗ ತೆರೆಯದಿದ್ದರೆ ಬೇರೆ ಬಾಗಿಲಿಲ್ಲ.

ದಾನ ನೀಡುವವರು ಗಮನಿಸಬೇಕಾದ ಅಂಶಗಳು

1. ಹಣ ಕೊಡುವ ಮೊದಲು ಶಾಲೆಗೆ ಮೂರು ಪ್ರಶ್ನೆಗಳನ್ನು ಕೇಳಬೇಕು: ಪಾಠ ಮಾಡುವ ಇಬ್ಬರು ಶಿಕ್ಷಕರು ಯಾರು? ವಾರದ ವೇಳಾಪಟ್ಟಿಯಲ್ಲಿ ಇದಕ್ಕೆ ಎಷ್ಟು ಅವಧಿಗಳಿವೆ? ಯಂತ್ರ ಕೆಟ್ಟರೆ ಯಾರನ್ನು ಕರೆಯಬೇಕು?

2. ಸಂಸ್ಥೆಯ ಗಣಕ ಸಿಬ್ಬಂದಿಯನ್ನು ಶಾಲೆಗೆ ಕಳುಹಿಸುವುದಾದರೆ ಶಿಕ್ಷಕರ ಬದಲು ಪಾಠ ಮಾಡಲು ಅಲ್ಲ, ಶಿಕ್ಷಕರ ಪಕ್ಕದಲ್ಲಿ ಕೂರಲು ಕಳುಹಿಸಬೇಕು. ಶಿಕ್ಷಕರನ್ನು ಬೈಠಕ್‌ಗೆ ಬಿಡುಗಡೆ ಮಾಡಲು ಕ್ಷೇತ್ರ ಶಿಕ್ಷಣಾಧಿಕಾರಿಗಳ ಒಪ್ಪಿಗೆಯನ್ನು ಮೊದಲೇ ಪಡೆಯುವುದು ಲೇಸು.

3. ರಜಾ ದಿನಗಳಲ್ಲಿ ಆಸಕ್ತ ಶಿಕ್ಷಕರನ್ನು ಕಾರ್ಖಾನೆಗೆ, ಅಂಗಡಿಗೆ ಆಹ್ವಾನಿಸಿ ದಾಸ್ತಾನು ಮತ್ತು ಬಿಲ್ಲಿನ ವ್ಯವಸ್ಥೆಯನ್ನು ತೋರಿಸಿದರೆ ಪಾಠಕ್ಕೆ ಬೇಕಾದ ಉದಾಹರಣೆಗಳು ತಾವಾಗಿ ದೊರೆಯುತ್ತವೆ.

4. ತೆರಿಗೆಯ ದೃಷ್ಟಿಯಿಂದಲೂ ಯಂತ್ರದ ದಾನ ತೋರುವಷ್ಟು ಸರಳವಲ್ಲ. ವರ್ತಕರಿಗೆ 80ಜಿ ಎಂದು ಪರಿಚಿತವಾದ ರಿಯಾಯಿತಿ ದೊರೆಯುವುದು ಹಣದ ರೂಪದ ದೇಣಿಗೆಗೆ, ವಸ್ತು ರೂಪದ ದೇಣಿಗೆಗಲ್ಲ, ರೂ. 2,000 ಮೀರಿದ ನಗದಿಗೂ ಅದು ಅನ್ವಯಿಸದು. ಹೊಸ ತೆರಿಗೆ ಪದ್ಧತಿಯನ್ನು ಆಯ್ದುಕೊಂಡ ವ್ಯಕ್ತಿಗಳಿಗೆ ಈ ರಿಯಾಯಿತಿ ಇಲ್ಲ. ದಾನ ಮಾಡಲೆಂದು ಕೊಂಡ ಯಂತ್ರದ ಮೇಲಿನ ಹೂಡುವಳಿ ತೆರಿಗೆ ಜಮೆ ದೊರೆಯದು. ಜಮೆ ಪಡೆದ ಹಳೆಯ ಯಂತ್ರವನ್ನು ಉಚಿತವಾಗಿ ಕೊಟ್ಟರೂ ಅದು ತೆರಿಗೆಗೆ ಒಳಪಡುವ ಪೂರೈಕೆ ಎನಿಸಬಹುದು.

5. ಕಂಪನಿ ಕಾಯಿದೆಯ 135ನೆಯ ಕಲಮಿನ ಸಾಮಾಜಿಕ ಹೊಣೆಗಾರಿಕೆಗೆ ಒಳಪಡುವ ಕಂಪನಿಗಳಿಗೆ ಶಿಕ್ಷಣದ ಉತ್ತೇಜನ 7ನೆಯ ಅನುಸೂಚಿಯಲ್ಲಿ ಸೇರಿರುವ ಬಾಬು. ಅದು ಯಂತ್ರ ಖರೀದಿಗೆ ಮಾತ್ರ ಸೀಮಿತವಲ್ಲ, ಶಿಕ್ಷಕರ ತರಬೇತಿಯೂ ಅದರಡಿ ಬರಬಲ್ಲುದು. ಕೊಂಡ ಯಂತ್ರಗಳನ್ನು ಮಾತ್ರ ಕಂಪನಿಯ ಹೆಸರಿನಲ್ಲಿ ಇಟ್ಟುಕೊಳ್ಳಲು 2021ರ ತಿದ್ದುಪಡಿ ನಿಯಮಗಳು ಅವಕಾಶ ಕೊಡುವುದಿಲ್ಲ.

6. ವರ್ಷದ ಕೊನೆಯಲ್ಲಿ ಯಂತ್ರಗಳ ಫೋಟೋ ಕೇಳುವ ಬದಲು ಎಷ್ಟು ಅವಧಿ ಪಾಠ ನಡೆಯಿತು, ಮಕ್ಕಳು ಸ್ವಂತವಾಗಿ ಏನೇನು ಬರೆದರು ಎಂಬ ಒಂದು ಪುಟದ ವರದಿಯನ್ನು ಕೇಳಬೇಕು.

ಮುಂದಿನ ಜೂನ್ ತಿಂಗಳಲ್ಲಿ ಶಾಲೆಗಳು ತೆರೆದಾಗ ಗಣಕಯಂತ್ರ ಬೇಡುವ ಪತ್ರಗಳು ಮತ್ತೆ ಬರುತ್ತವೆ. ಆ ಪತ್ರಗಳಿಗೆ ಉತ್ತರಿಸುವ ಮುನ್ನ ಸದಸ್ಯರು ಶಾಲೆಗೊಮ್ಮೆ ಭೇಟಿ ನೀಡಿ, ಕೋಣೆಯ ಬೀಗ ಯಾರ ಬಳಿಯಿದೆಯೆಂದು ವಿಚಾರಿಸುವುದು ಒಳಿತು. ಬೀಗ ಮುಖ್ಯೋಪಾಧ್ಯಾಯರ ಕಪಾಟಿನಲ್ಲಿದ್ದರೆ ಆ ಶಾಲೆಗೆ ಮೊದಲು ಬೇಕಾದುದು ಹನ್ನೊಂದನೆಯ ಯಂತ್ರವಲ್ಲ, ಪಕ್ಕದಲ್ಲಿ ಕುಳಿತು ಹೇಳಿಕೊಡುವ ಒಬ್ಬರು. ಜುಲೈ 2017ರಲ್ಲಿ ವರ್ತಕರ ಗುಮಾಸ್ತರಿಗೆ ಬೇಕಾಗಿದ್ದುದೂ ಅದೇ.